ಕಡ್ಡಿಯಣ್ಣ ಬೀಡಿ ಬಿಟ್ಟ ಬೇಸಿಗೆ

ಊಟದ ತಟ್ಟೆಗಳನ್ನು ತೊಳೆದು ಒಂದರ ಮೇಲೊಂದು ಬೋರಲು ಹಾಕುವ ಸದ್ದು ಮೊದಲು. ಅದು ನಿಂತ ಮೇಲೆ ಮಾಳಿಗೆಯ ಮೆಟ್ಟಿಲುಗಳ ಮೇಲೆ ಹವಾಯಿ ಚಪ್ಪಲಿಗಳ ಚಟಪಟ. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಆ ಮೌನದಲ್ಲಿ ಕಡ್ಡಿ ಗೀರಿದ ಸದ್ದು, ಒಂದೇ ಒಂದು. ಅದರ ಬೆನ್ನಿಗೇ ಹತ್ತಾರು ಗಂಟಲುಗಳ ಕೆಮ್ಮು. ಕೆಳಗೆ ಆಫೀಸ್ ರೂಮಿನಲ್ಲಿ ಕೂತಿರುತ್ತಿದ್ದ ನಾನು ತಲೆಯೆತ್ತಿ ಸೀಲಿಂಗ್ ನೋಡುತ್ತಿದ್ದೆ. ಆ ಬೇಸಿಗೆ ಎಂದರೆ ನನಗೆ ಈ ಸದ್ದುಗಳು, ಇದೇ ಆರ್ಡರಿನಲ್ಲಿ.

ಮೊನ್ನೆ ಸಂಗನಕಲ್ಲಿನ ಕಡೆ ಹೋಗುವಾಗ ಆ ಮನೆಯ ಮುಂದೆ ಡ್ರೈವರನಿಗೆ ಸ್ವಲ್ಪ ನಿಧಾನ ಮಾಡಲು ಹೇಳಿದೆ. ಈಗ ಅಲ್ಲಿ ಜೀನ್ಸ್ ಹೊಲಿಯುವ ಯೂನಿಟ್ ನಡೆಯುತ್ತದೆ. ನಮ್ಮ ಪೇಷೆಂಟುಗಳು ಬೀಡಿ ಸೇದುತ್ತಿದ್ದ ಮಾಳಿಗೆಯ ಮೇಲೆ ಸಾಲಾಗಿ ನೀಲಿ ಪ್ಯಾಂಟುಗಳು ನೇತಾಡುತ್ತಿದ್ದವು. ಆಗ ಅಲ್ಲಿದ್ದ, ಕುಡಿತ ಬಿಡಿಸುವ ಡಿ-ಅಡಿಕ್ಷನ್ ಸೆಂಟರ್ ಊರಿನ ಇನ್ನೊಂದು ದಿಕ್ಕಿಗೆ ಶಿಫ್ಟ್ ಆಗಿದೆಯಂತೆ. ಗೇಟಿನ ಪಕ್ಕದ ಬೇವಿನ ಮರ ಮಾತ್ರ ಹಾಗೇ ಇತ್ತು.

ಎಲ್ಲರ ಮುಖದಿಂದ ಮಾಸ್ಕುಗಳು ಇಳಿದ ಮೇಲಿನ ಬೇಸಿಗೆ ಅದು. ನಾನು ಆಗಷ್ಟೇ ಎಪ್ಪತ್ತು ದಾಟಿದ್ದೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿ, ಇದೇ ಊರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ನಮ್ಮದು ಲಿಂಗ ಕಟ್ಟಿಕೊಂಡ ಮನೆ, ಕುಡಿತದ ಮಾತನ್ನೇ ಯಾರೂ ಎತ್ತುತ್ತಿರಲಿಲ್ಲ. ಸಿಗರೇಟಿನ ಮಾತು ಬೇರೆ. ನಮ್ಮ ಯಜಮಾನರು ಊಟವಾದ ಮೇಲೆ ಕಿಟಕಿಯ ಹತ್ತಿರ ನಿಂತು ಸೇದುತ್ತಿದ್ದರು. ಅದನ್ನು ಚಟ ಎಂದು ನಾವು ಕರೆದದ್ದೇ ಇಲ್ಲ. ‘ಅವರ ಸ್ಮೋಕ್’ ಎನ್ನುತ್ತಿದ್ದೆವು, ಅವರ ಕಾಫಿ, ಅವರ ಪೇಪರ್ ಎಂದ ಹಾಗೆ. ಅವರು ತೀರಿಕೊಂಡ ಮೇಲೆ ಆ ಕಿಟಕಿಯ ಪರದೆಯನ್ನು ಎಷ್ಟು ಒಗೆದರೂ ವಾಸನೆ ಪೂರ್ತಿ ಹೋಗಲಿಲ್ಲ. ಅದು ಹೋಗಲಿ ಎಂದೇ ನಾನು ಒಗೆಯುತ್ತಿದ್ದೆನೋ ಇಲ್ಲವೋ.

ಅಕ್ಕನ ಮಗಳು ಶೈಲಾ ಸೈಕಿಯಾಟ್ರಿಸ್ಟ್. ಆ ಸೆಂಟರಿಗೆ ವಾರಕ್ಕೊಮ್ಮೆ ಹೋಗುತ್ತಿದ್ದಳು. ಒಂದು ದಿನ ಬಂದು, “ಚಿಕ್ಕಮ್ಮಾ, ನಿನಗ ಕೆಲಸ ಇಲ್ಲ, ನನಗ ಜನ ಇಲ್ಲ. ನಡಿ” ಎಂದಳು. ಅವಳಿಗೆ ಒಂದೇ ಕೊರಗು. ಇಲ್ಲಿ ಕುಡಿತ ಬಿಡಿಸಿ ಮನೆಗೆ ಕಳಿಸುತ್ತೇವೆ. ನಾಲ್ಕು ವರ್ಷ ಕಳೆದ ಮೇಲೆ ಅದೇ ಮನುಷ್ಯ ಬೀಡಿಯಿಂದ ಎದೆಯನ್ನೋ ಬಾಯಿಯನ್ನೋ ಕೆಡಿಸಿಕೊಂಡು ದೊಡ್ಡಾಸ್ಪತ್ರೆಯಲ್ಲಿ ಮಲಗಿರುತ್ತಾನೆ. ಹಾಗಾದರೆ ನಾವು ಯಾವ ಟ್ರೀಟ್‌ಮೆಂಟ್ ಕೊಟ್ಟಂತಾಯಿತು? ಮನಸ್ಸಿದ್ದವರನ್ನು ಕೂಡಿಸಿಕೊಂಡು ಬೀಡಿಯ ವಿಷಯ ಮಾತಾಡಿಸುವುದು, ಅವಳು ಹೇಳಿಕೊಟ್ಟ ಉಪಾಯಗಳನ್ನು ಅವರಿಂದ ಮಾಡಿಸುವುದು ನನ್ನ ಕೆಲಸ.

ವಾರ್ಡನ್ ಶೇಖರಪ್ಪನವರಿಗೆ ಇದು ಸೇರಲಿಲ್ಲ. ಅವರೂ ಒಂದು ಕಾಲಕ್ಕೆ ಕುಡಿದು ಕುಡಿದು ಕೆಲಸ ಕಳೆದುಕೊಂಡವರು. ಬಿಟ್ಟು ಎಷ್ಟೋ ವರ್ಷವಾಗಿತ್ತು. ಒಳ್ಳೆಯ ಮನುಷ್ಯ. ಯಾವ ಪೇಷೆಂಟನ್ನೂ ಏಕವಚನದಲ್ಲಿ ಬೈದದ್ದು ನಾನು ಕೇಳಿಲ್ಲ. ಆದರೆ ಅವರ ನಂಬಿಕೆ ಗಟ್ಟಿ: “ಎರಡು ದೆವ್ವ ಒಮ್ಮಿಗೇ ಬಿಡಿಸಾಕ ಹೋಗಬಾರದು ಮೇಡಂ. ಒಂದಾದ್ರೂ ಬಿಟ್ಟು ಹೋಗ್ಲಿ.” ಹೀಗೆ ಹೇಳುವಾಗ ಅವರ ಜೇಬಿನಲ್ಲಿ ಸಿಗರೇಟ್ ಪ್ಯಾಕ್ ಇರುತ್ತಿತ್ತು.

ಅಲ್ಲಿ ಬೀಡಿಗೆ ಒಂದು ಪದ್ಧತಿಯೇ ಇತ್ತು. ಚಹಾ ಆದ ಮೇಲೆ, ಊಟ ಆದ ಮೇಲೆ ಆಫೀಸಿನಿಂದ ಬೀಡಿ ಹಂಚುತ್ತಿದ್ದರು. ಹಿಂದೊಮ್ಮೆ ಹಾಸಿಗೆಗೆ ಬೆಂಕಿ ತಗುಲಿದ್ದರಿಂದ ಕಡ್ಡಿಪೆಟ್ಟಿಗೆ ಯಾರ ಹತ್ತಿರವೂ ಇರುವಂತಿಲ್ಲ. ಇಡೀ ಸೆಂಟರಿಗೆ ಒಂದೇ ಪೆಟ್ಟಿಗೆ, ಅದು ಒಬ್ಬನ ಕೈಯಲ್ಲಿ. ಹೆಚ್ಚು ದಿನ ಇದ್ದವನು, ಜಗಳ ಮಾಡದವನು, ಕುಡಿತದ ಆಸೆ ತೋರಿಸದವನು ಆ ಪದವಿಗೆ ಅರ್ಹ. ಅವನನ್ನು ಎಲ್ಲರೂ ಕಡ್ಡಿಯಣ್ಣ ಎಂದು ಕರೆಯುತ್ತಿದ್ದರು. ಅವನು ಒಂದು ಕಡ್ಡಿ ಗೀರಿ ಹತ್ತಿರದವರ ಬೀಡಿ ಹೊತ್ತಿಸಬೇಕು, ಉಳಿದವರು ಅವರಿವರ ಕೆಂಡದಿಂದ ಹೊತ್ತಿಸಿಕೊಳ್ಳಬೇಕು. ಹೊಸದಾಗಿ ಬಂದವನು ಮೀಟಿಂಗಿನಲ್ಲಿ ಮೊದಲ ಸಲ ಬಾಯಿಬಿಟ್ಟು ತನ್ನ ಕಥೆ ಹೇಳಿದರೆ ಶೇಖರಪ್ಪನವರು ಅವನ ಕೈಗೆ ಒಂದು ಬೀಡಿ ಹೆಚ್ಚಿಗೆ ಇಡುತ್ತಿದ್ದರು. ಅವನು ಅದನ್ನು ಕಣ್ಣಿಗೆ ಒತ್ತಿಕೊಂಡು ತೆಗೆದುಕೊಳ್ಳುತ್ತಿದ್ದ.

ಆ ಬೇಸಿಗೆಯ ಕಡ್ಡಿಯಣ್ಣ ಗಾದಿಲಿಂಗಪ್ಪ. ಸಿರುಗುಪ್ಪ ತಾಲ್ಲೂಕಿನ ಕರೂರಿನವನು, ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಭತ್ತ ಬೇಯಿಸುವ ಕೆಲಸ. ನಲವತ್ತೈದರ ಆಸುಪಾಸು, ಎತ್ತರದ ಆಳು, ಯಾವ ಮಾತಿಗೂ ಒಂದು ತಮಾಷೆ ಸಿದ್ಧ. ಕಡ್ಡಿಪೆಟ್ಟಿಗೆಯನ್ನು ಒಳಜೇಬಿನಲ್ಲಿಟ್ಟು ಮೇಲೆ ಪಿನ್ನು ಹಾಕಿಕೊಂಡಿದ್ದ. ಇಷ್ಟು ಭದ್ರ ಯಾಕೆ ಎಂದು ಕೇಳಿದ್ದಕ್ಕೆ, “ನನ್ನ ನಂಬಿ ಯಾರೂ ಏನೂ ಕೊಟ್ಟಿಲ್ರಿ ಮೇಡಂ. ಇದೊಂದು ಕೊಟ್ಟಾರ” ಎಂದ. ಅದನ್ನು ಮಾತ್ರ ತಮಾಷೆಯ ದನಿಯಲ್ಲಿ ಹೇಳಲಿಲ್ಲ.

ಅವನ ಎಡಗಾಲಿನ ಹೆಬ್ಬೆರಳು ಕಪ್ಪಾಗಿತ್ತು. ಬಾಯ್ಲರಿನ ಕಾವಿಗೆ ಹಾಗಾಗಿದೆ ಎಂದು ಅವನ ಲೆಕ್ಕ. ಶೈಲಾ ಅವನನ್ನು ಸರ್ಜನ್ನರಿಗೆ ತೋರಿಸಿಕೊಂಡು ಬಂದಳು. ಅದು ಬೀಡಿ ಸೇದುವವರಿಗೆ ಬರುವ ಕಾಯಿಲೆಯಂತೆ. ರಕ್ತನಾಳಗಳು ಕೆಳಗಿನಿಂದ ಮುಚ್ಚಿಕೊಳ್ಳುತ್ತಾ ಬರುತ್ತವೆ. ನಾಲ್ಕು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಂಡು ನಿಲ್ಲಬೇಕಾಗುತ್ತದೆ. ಇವತ್ತು ಬೆರಳು, ನಾಳೆ ಪಾದ, ಆಮೇಲೆ ಮೊಣಕಾಲು. ಇದನ್ನು ನಿಲ್ಲಿಸಬೇಕಾದರೆ ಬೀಡಿ ನಿಲ್ಲಬೇಕು, ಪೂರ್ತಿಯಾಗಿ. ದಿನಕ್ಕೊಂದು ಎಂಬ ಕನ್ಸೆಶನ್ ಕೂಡ ಇಲ್ಲ.

ಹಾಲಿನಲ್ಲಿ ಫ್ಯಾನಿನ ಕೆಳಗೆ ನನ್ನ ಗ್ರೂಪ್ ಸೇರುತ್ತಿತ್ತು. ಐದಾರು ಜನ. ಬೀಡಿ ಬೇಕೆನ್ನಿಸಿದ ಕೂಡಲೇ ಎದ್ದು ನೀರು ಕುಡಿಯಿರಿ, ಸ್ವಲ್ಪ ಹೊತ್ತು ಮುಂದೂಡಿ, ಲವಂಗ ಬಾಯಿಗೆ ಹಾಕಿಕೊಳ್ಳಿ, ಹೀಗೆಲ್ಲ ಹೇಳಿಕೊಡುತ್ತಿದ್ದೆ. ಶೈಲಾ ನಿಕೋಟಿನ್ ಗಮ್ ತಂದುಕೊಟ್ಟಿದ್ದಳು. ಸ್ವಲ್ಪ ಅಗಿದು ದವಡೆಯಲ್ಲಿ ಇಟ್ಟುಕೊಳ್ಳಬೇಕು ಎಂದು ನಾನು ಸ್ಪಷ್ಟವಾಗಿಯೇ ಹೇಳಿದ್ದೆ. ಅವರು ಎಲೆಅಡಿಕೆಯಂತೆ ಜಗಿದು ರಸ ನುಂಗಿದರು. ಹತ್ತು ನಿಮಿಷದಲ್ಲಿ ಇಡೀ ಗ್ರೂಪಿಗೆ ಬಿಕ್ಕಳಿಕೆ. ಕೌಲ್ ಬಜಾರಿನ ಜೀನ್ಸ್ ಟೈಲರ್ ಖಾಜಾ ಎಂಬವನು ಎದೆ ಹಿಡಿದುಕೊಂಡು, “ಮೇಡಂ, ಬೀಡಿನಾಗ ಇಷ್ಟು ತ್ರಾಸ ಇರಲಿಲ್ರಿ” ಎಂದ.

ಗಾದಿಲಿಂಗಪ್ಪನಿಗೆ ಆ ಗಮ್ ಕೂಡ ಇಲ್ಲ. ಅದರಲ್ಲಿರುವುದೂ ನಿಕೋಟಿನ್ನೇ, ಅವನ ಕಾಲಿಗೆ ಅದೂ ವಿಷ. ಅವನ ಪಾಲಿಗೆ ನೀರು ಮತ್ತು ಲವಂಗ. ಗ್ರೂಪಿನಲ್ಲಿ ಕೂರುತ್ತಿದ್ದ, ಎಲ್ಲರನ್ನೂ ನಗಿಸುತ್ತಿದ್ದ, ಎದ್ದು ಹೋಗಿ ಮಾಳಿಗೆಯಲ್ಲಿ ಕಡ್ಡಿ ಗೀರುತ್ತಿದ್ದ. ಕಾಲು ನೋಯತೊಡಗಿದರೆ ಬೆವರು ಇಳಿಯುವುದು. ಆಗ ಅಕ್ಕಪಕ್ಕದವರು ತಮ್ಮ ಪಾಲಿನ ಬೀಡಿಯನ್ನೇ ಅವನಿಗೆ ಕೊಡುವರು. ಸೇದಿದರೆ ನೋವು ಮರೆಯುತ್ತದೆ ಎಂದು ಅವರ ಅಂತಃಕರಣ. ಹಾಗೆ ಕೊಡಬೇಡಿ, ಅದರಿಂದಲೇ ನೋವು ಎಂದು ನಾನು ವಿವರಿಸುತ್ತಿದ್ದೆ. ತಲೆ ಆಡಿಸುತ್ತಿದ್ದರು. ನೋವಿನಿಂದ ಒದ್ದಾಡುವ ಗೆಳೆಯನ ಮುಂದೆ ತಾನೊಬ್ಬನೇ ಸೇದುವುದು ಅಲ್ಲಿ ಯಾರಿಗೂ ಆಗದ ಮಾತು.

ಏಪ್ರಿಲ್ ಬಂತು. ಬಳ್ಳಾರಿಯ ಏಪ್ರಿಲ್ ಬಗ್ಗೆ ಹೊರಗಿನವರಿಗೆ ಹೇಳಿ ಪ್ರಯೋಜನವಿಲ್ಲ. ಸುತ್ತಲಿನ ಬಂಡೆಗುಡ್ಡಗಳು ಹಗಲೆಲ್ಲ ಬಿಸಿಲು ಕುಡಿದು ಸಂಜೆ ಅದನ್ನು ನಮ್ಮ ಮೇಲೆ ವಾಪಸ್ ಉಗುಳುತ್ತವೆ. ನಲ್ಲಿ ತಿರುಗಿಸಿದರೆ ಬರುವ ನೀರಿನಲ್ಲಿ ಚಹಾಪುಡಿ ಹಾಕುವುದೊಂದು ಬಾಕಿ. ಒಂದು ಭಾನುವಾರ, ಮನೆಯವರು ನೋಡಲು ಬರುವ ದಿನ, ಗಾದಿಲಿಂಗಪ್ಪನ ಹೆಂಡತಿ ಹುಲಿಗೆಮ್ಮ ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು. ರೊಟ್ಟಿಗಳ ನಡುವೆ ಒಂದು ಕಟ್ಟು ಬೀಡಿ ಇತ್ತು. ಮುಚ್ಚಿಡುವ ಪ್ರಯತ್ನವನ್ನೂ ಅವಳು ಮಾಡಲಿಲ್ಲ. ನಾನು ಅವಳನ್ನು ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ ಕಾಲಿನ ವಿಷಯ ಪೂರ್ತಿ ವಿವರಿಸಿದೆ. ಕ್ಲಾಸಿನಲ್ಲಿ ಕೊನೇ ಬೆಂಚಿನವರಿಗೂ ತಿಳಿಯುವ ಹಾಗೆ ವಿವರಿಸುತ್ತಿದ್ದೆನಲ್ಲ, ಹಾಗೆ.

ಸಣ್ಣ ಆಳು ಅವಳು, ನಾಟಿ ಕೆಲಸಕ್ಕೆ ಬಾಗಿ ಬಾಗಿ ಬೆನ್ನು ಆಗಲೇ ಸ್ವಲ್ಪ ಕುಗ್ಗಿತ್ತು. ಎಡ ಮೊಣಕೈ ನೆಟ್ಟಗಾಗುತ್ತಿರಲಿಲ್ಲ. ಎಲ್ಲ ಕೇಳಿಸಿಕೊಂಡು, “ಅದೆಲ್ಲ ಖರೆ ಇರಬೋದು ಅಮ್ಮಾರೆ. ಬೀಡಿ ಸೇದೊ ಹೊತ್ತಿನ್ಯಾಗ ಅವನ ಕೈ ಸುಮ್ನಿರ್ತೈತ್ರಿ” ಎಂದಳು.

 ಇವಳ ಲೆಕ್ಕ ಸರಳ: ಬೀಡಿ ಕಿತ್ತುಕೊಂಡರೆ ಅವನು ಕುಡಿತಕ್ಕೆ ಮರಳುತ್ತಾನೆ, ಕುಡಿದರೆ ಹೊಡೆಯುತ್ತಾನೆ. ಕಾಲು ಅವನದು. ಮೊಣಕೈ ಇವಳದು. ಶೈಲಾಗೆ ಹೇಳಿದೆ.  ಅವಳು ಪೆನ್ನಿನ ಕ್ಯಾಪ್ ಹಾಕುತ್ತ ತೆಗೆಯುತ್ತ, ಎರಡನ್ನೂ ಒಟ್ಟಿಗೆ ಬಿಟ್ಟವರೇ ಕುಡಿತದಿಂದ ಹೆಚ್ಚು ದಿನ ದೂರ ಇರುವುದನ್ನು ತಾನು ನೋಡಿದ್ದೇನೆ, ಆದರೆ ಅದನ್ನು ಹುಲಿಗೆಮ್ಮ ಯಾಕೆ ನಂಬಬೇಕು ಎಂದಳು. ಮುಂದಿನ ವಾರ ಗಂಡ ಹೆಂಡತಿ ಇಬ್ಬರನ್ನೂ ಫ್ಯಾಮಿಲಿ ಮೀಟಿಂಗಿಗೆ ಕೂಡಿಸೋಣ ಎಂದು ನಿರ್ಧಾರವಾಯಿತು.

ಶೇಖರಪ್ಪನವರ ಫ್ಯಾಮಿಲಿ ಮೀಟಿಂಗ್ ಯಾವ ಟೆಕ್ಸ್ಟ್‌ಬುಕ್ಕಿನಲ್ಲೂ ಇಲ್ಲ. ಪೇಷೆಂಟ್ ಬಾಯಿ ತುಂಬ ನೀರು ಹಿಡಿದುಕೊಂಡು ಕೂರಬೇಕು. ಮನೆಯವರು ತಮಗನ್ನಿಸಿದ್ದನ್ನು ಹೇಳಿ ಮುಗಿಸುವ ತನಕ ನುಂಗುವಂತಿಲ್ಲ, ಉಗುಳುವಂತಿಲ್ಲ. ಕುಡುಕರು ಮನೆಯವರಿಗೆ ಒಂದು ಮಾತನ್ನೂ ಪೂರ್ತಿ ಆಡಗೊಡುವುದಿಲ್ಲ, ತಾನೂ ಹಾಗೇ ಇದ್ದೆ ಎಂದು ಅವರು ಕಂಡುಕೊಂಡ ಉಪಾಯ ಅದು. ಮೊದಮೊದಲು ನನಗೆ ಕಾನ್ವೆಂಟಿನ ಪನಿಶ್‌ಮೆಂಟ್ ನೆನಪಾಗುತ್ತಿತ್ತು. ಆಮೇಲೆ ರೂಢಿಯಾಯಿತು.

ಗಾದಿಲಿಂಗಪ್ಪ ಸ್ಟೀಲ್ ಲೋಟದಿಂದ ನೀರು ತುಂಬಿಕೊಂಡು ಕೆನ್ನೆ ಉಬ್ಬಿಸಿ ಎಲ್ಲರ ಕಡೆ ಹುಬ್ಬು ಹಾರಿಸಿದ. ಹಾಲಿನಲ್ಲಿ ನಗು. ಹುಲಿಗೆಮ್ಮ ಚಾಪೆಯ ಮೇಲೆ ಅವನಿಗೆ ಎದುರಾಗಿ ಕೂತಿದ್ದಳು. ಶೇಖರಪ್ಪನವರು, “ನಿನಗ ಏನ್ ಬೇಕು ಹೇಳವ್ವ” ಎಂದರು.

“ಕುಡೀಬಾರದ್ರಿ.”

“ಮತ್ತ ಕಾಲು?” ಎಂದು ಶೈಲಾ ಕೇಳಿದಳು. “ಬೀಡಿ ಬಿಡಲಿಲ್ಲಾಂದ್ರ ಕಾಲು ತಗೀಬೇಕಾಗ್ತೈತಿ, ಗೊತ್ತೈತಲ್ಲ?”

ಹುಲಿಗೆಮ್ಮ ಗಂಡನ ಕಾಲನ್ನು ನೋಡಿದಳು, ಮುಖವನ್ನಲ್ಲ. ದನಿ ಏರಿಸಲಿಲ್ಲ. “ಹೋದ್ರ ಹೋಗ್ಲಿ ಬಿಡ್ರಿ. ಒಂದು ಕಾಲಿನ ಗಂಡನ್ನ ನಾನು ದುಡದು ಸಾಕ್ತೀನಿ. ಎದ್ದು ಬಂದು ಹೊಡಿಯಾಕಾದ್ರೂ ಆಗಾಂಗಿಲ್ಲ.”

 ಗಾದಿಲಿಂಗಪ್ಪನ ಹುಬ್ಬುಗಳು ಎಲ್ಲಿದ್ದವೋ ಅಲ್ಲೇ ನಿಂತವು. ಕೆನ್ನೆಯಲ್ಲಿ ನೀರು, ಮುಖ ನಿಧಾನಕ್ಕೆ ಕೆಂಪಾಯಿತು. ಮತ್ತೇನಾದರೂ ಹೇಳುವುದಿದೆಯೇ ಎಂದು ಶೇಖರಪ್ಪನವರು ಕೇಳಿದರು. ಅವಳು ಇಲ್ಲ ಎಂದು ತಲೆ ಆಡಿಸಿ ಸೆರಗಿನಿಂದ ಕತ್ತು ಒರೆಸಿಕೊಂಡಳು. ನುಂಗಲು ಅಪ್ಪಣೆಯಾದ ಮೇಲೂ ಅವನು ಬಹಳ ಹೊತ್ತು ನುಂಗಲಿಲ್ಲ. ಕೊನೆಗೆ ನುಂಗಿದ. ಈಗ ಅವನ ಸರದಿ, ಏನಾದರೂ ಹೇಳಲೇಬೇಕು. “ನೀರು ಬಿಸಿ ಆಗಿತ್ರಿ” ಎಂದ. ಒಬ್ಬಿಬ್ಬರು ನಕ್ಕರು. ಹುಲಿಗೆಮ್ಮ ಆಗಲೇ ಬಸ್ಸಿನ ಹೊತ್ತಾಯಿತೆಂದು ಎದ್ದಿದ್ದಳು.

ಆ ದಿನ ಮಧ್ಯಾಹ್ನ ಕಡ್ಡಿ ಗೀರುವ ಸದ್ದು ಎಂದಿನಂತೆ ಕೇಳಿತು. ಕೆಮ್ಮುಗಳಲ್ಲಿ ಒಂದು ಕಡಿಮೆ ಇದ್ದದ್ದು ನನಗೇನೂ ತಿಳಿಯಲಿಲ್ಲ. ಸಂಜೆ ಖಾಜಾ ಹೇಳಿದ: ಕಡ್ಡಿಯಣ್ಣ ಎಲ್ಲರಿಗೂ ಹೊತ್ತಿಸಿದ, ತನ್ನ ಬೀಡಿಯನ್ನು ಕಿವಿಯ ಸಂದಿಯಲ್ಲೇ ಇಟ್ಟುಕೊಂಡಿದ್ದ. ಮರುದಿನ ಕಿವಿಯ ಸಂದಿಯಲ್ಲೂ ಇರಲಿಲ್ಲ.

ಶೈಲಾ ಖುಷಿಪಡುವ ಬದಲು ಕಡ್ಡಿಪೆಟ್ಟಿಗೆಯನ್ನು ಬೇರೆಯವರಿಗೆ ಕೊಡಿ ಎಂದಳು. ಬಿಡಬೇಕೆನ್ನುವವನು ದಿನಕ್ಕೆ ನಾಲ್ಕಾರು ಸಲ ಬೆಂಕಿ ಹಿಡಿದು ಹೊಗೆಯ ನಡುವೆ ನಿಲ್ಲುವುದು ಯಾವ ರೂಲಿಗೂ ಒಪ್ಪುವಂಥದ್ದಲ್ಲ. ಗಾದಿಲಿಂಗಪ್ಪ ಜೇಬಿನ ಪಿನ್ನಿನ ಮೇಲೆ ಕೈಯಿಟ್ಟುಕೊಂಡು, “ಇದನ್ನ ಕಸಗೊಂಡ್ರ ಕದ್ದು ಸೇದ್ತೀನಿ ಡಾಕ್ಟರಮ್ಮ. ಇದು ಇದ್ರ ನಾನಾಗೇ ಬ್ಯಾಡ ಅಂದಂಗ ಇರ್ತೈತಿ” ಎಂದ. ಶೇಖರಪ್ಪನವರು ಅವನ ಪರ ನಿಂತರು. ಶೈಲಾ ನನ್ನ ಕಡೆ ನೋಡಿದಳು. ಮೆಡಿಕಲ್ ಒಪಿನಿಯನ್ ಕೊಡಲು ನಾನು ಯಾರು, ಆದರೂ ಇರಲಿ ಬಿಡೆ ಎಂದೆ. ಪೆಟ್ಟಿಗೆ ಅವನಲ್ಲೇ ಉಳಿಯಿತು.

ಮೊದಲ ವಾರಗಳು ಕೆಟ್ಟವು. ಅವನ ತಮಾಷೆಗಳು ನಿಂತುಹೋದವು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆ ತಳ್ಳಿದ. ಗ್ರೂಪಿಗೆ ಬಂದು ಗೋಡೆ ನೋಡುತ್ತಾ ಲವಂಗ ಕಡಿಯುತ್ತಿದ್ದ. ಅಡಿಗೆಯವಳು ಲವಂಗದ ಡಬ್ಬಿಯನ್ನು ಬಚ್ಚಿಡತೊಡಗಿದಳು. ಒಂದು ಮಧ್ಯಾಹ್ನ ನಾನೂ ಮಾಳಿಗೆ ಹತ್ತಿದ್ದೆ. ಅವನು ಗೋಡೆಯ ನೆರಳಿನಲ್ಲಿ ಕಾಲು ಹಿಡಿದು ಕೂತಿದ್ದ. ನೋವು ಜಾಸ್ತಿ ಇತ್ತು. ಖಾಜಾನಿಗೆ ನೋಡಲಾಗದೆ ತನ್ನ ಬಾಯಲ್ಲಿದ್ದ ಬೀಡಿಯನ್ನು ತೆಗೆದು, “ಒಂದೇ ಒಂದು ದಮ್ ಎಳಿಯೋ ಮಾರಾಯ” ಎಂದು ಅವನ ತುಟಿಗೆ ಇಟ್ಟ. ಗಾದಿಲಿಂಗಪ್ಪನ ಕೈ ಮೇಲೆ ಹೋಯಿತು. ದೊಡ್ಡ ಕೈ. ಖಾಜಾ ಮುಖ ಮುಚ್ಚಿಕೊಂಡ. ಅಷ್ಟರಲ್ಲಿ ಏನಾಯಿತೋ, ಅವನು ಆ ಎತ್ತಿದ ಕೈಯನ್ನು ಇಳಿಸಿ ತನ್ನ ತೊಡೆಯ ಕೆಳಗೆ ತೂರಿಸಿಕೊಂಡು ಅದರ ಮೇಲೇ ಕೂತ. ನೆಲಕ್ಕೆ ಬಿದ್ದ ಬೀಡಿ ತಾನಾಗಿ ಆರಿತು. 

ಅಷ್ಟೆಲ್ಲ ಆದರೂ ಹೆಬ್ಬೆರಳು ಉಳಿಯಲಿಲ್ಲ. ಜೂನ್ ಮೊದಲಲ್ಲಿ ಅದನ್ನೂ ಪಕ್ಕದ ಬೆರಳನ್ನೂ ತೆಗೆದರು. ಇನ್ನು ಗಾಯ ಒಣಗಿದರೆ ಅಲ್ಲಿಗೆ ರಕ್ತ ಹರಿಯುತ್ತಿದೆ ಎಂದರ್ಥ, ಪಾದ ಉಳಿಯುತ್ತದೆ. ಒಣಗದಿದ್ದರೆ ಇನ್ನೂ ಮೇಲಕ್ಕೆ ಕತ್ತರಿಸಬೇಕು. ಎಲ್ಲರೂ ಕಾದೆವು. ಹುಲಿಗೆಮ್ಮ ಕೂಲಿ ಬಿಟ್ಟು ಬಂದು ದೊಡ್ಡಾಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಇದ್ದಳು. ಈ ಸಲ ರೊಟ್ಟಿಯ ಗಂಟಿನಲ್ಲಿ ಬೀಡಿ ಇರಲಿಲ್ಲ. 

ಮೊದಲ ಮಳೆ ಬಿದ್ದು ಊರೆಲ್ಲ ಕಾದ ಕಲ್ಲಿನ ವಾಸನೆ ಎದ್ದ ದಿನ ನಾನು ವಾರ್ಡಿಗೆ ಹೋದಾಗ ಡ್ರೆಸ್ಸಿಂಗ್ ಬಿಚ್ಚುತ್ತಿದ್ದರು. ಶೈಲಾ ಹುಲಿಗೆಮ್ಮನನ್ನು ಹತ್ತಿರ ಕರೆದು ತೋರಿಸಿದಳು: ನೋಡು, ಕೆಂಪಗೆ ಆಗಿದೆ, ಹೊಸ ಮಾಂಸ ಬರುತ್ತಿದೆ, ಕಾಲು ಉಳಿಯಿತು. ಹುಲಿಗೆಮ್ಮ ಬಗ್ಗಿ ನೋಡಿದಳು. ಅವಳ ಮುಖದಲ್ಲಿ ನಾನು ನಿರೀಕ್ಷಿಸಿದ್ದು ಕಾಣಲಿಲ್ಲ. ಕಾರಿಡಾರಿಗೆ ಬಂದ ಮೇಲೆ, ಸಂತೋಷ ಆಗಲಿಲ್ಲವೇನಮ್ಮ ಎಂದು ಕೇಳಿದೆ.

“ಆತ್ರಿ. ಇನ್ನ ಎರಡೂ ಕಾಲು ಇರ್ತಾವ ಅಂದ್ರ...” ಎಂದು ಅಲ್ಲಿಗೇ ನಿಲ್ಲಿಸಿದಳು. ಹೊರಗೆ ಮಳೆ ನೋಡುತ್ತಾ ಮೊಣಕೈ ನೀವಿಕೊಳ್ಳುತ್ತಿದ್ದಳು.

ಕಾಲುವೆಗೆ ನೀರು ಬಿಡುವ ಹೊತ್ತಿಗೆ ಅವನನ್ನು ಕರೂರಿಗೆ ಕಳಿಸಿದೆವು. ಕಡ್ಡಿಪೆಟ್ಟಿಗೆ ಖಾಜಾನ ಕೈಗೆ ಹೋಯಿತು. ಖಾಜಾ ಗಮ್ ಜಗಿಯುತ್ತಲೇ ಬೀಡಿಯನ್ನೂ ಸೇದುತ್ತಿದ್ದ. ಗ್ರೂಪಿನ ಐದಾರು ಜನರಲ್ಲಿ ಬಿಟ್ಟವರು ಇಬ್ಬರು. ಸಕ್ಸೆಸ್ ಎಂದು ಅದನ್ನು ಕರೆಯಬಹುದೋ ಏನೋ, ಶೈಲಾ ಕರೆದಳು. ಶೇಖರಪ್ಪನವರು ಹೊಸಬರಿಗೆ ಹೆಚ್ಚಿನ ಬೀಡಿ ಕೊಡುವುದನ್ನು ನಿಲ್ಲಿಸಿ ಬಾಳೆಹಣ್ಣು ಕೊಡತೊಡಗಿದರು. ತಾವು ಮಾತ್ರ ಸಿಗರೇಟು ಬಿಡಲಿಲ್ಲ. ಆ ವರ್ಷದ ಕೊನೆಗೆ ನನ್ನ ಮಂಡಿ ಕೈಕೊಟ್ಟಿತು, ನಾನೂ ಹೋಗುವುದನ್ನು ನಿಲ್ಲಿಸಿದೆ.

ಅದಾಗಿ ಎರಡು ವರ್ಷದ ಮೇಲೆ ಕುರುಗೋಡಿನಲ್ಲಿ ನಮ್ಮ ಸಂಬಂಧಿಕರ ಮನೆಯ ಕಾರ್ಯಕ್ಕೆ ಹೋಗಿದ್ದೆ. ವಾಪಸ್ ಬರುವಾಗ ರಸ್ತೆ ಬದಿಯ ಒಂದು ಕಣದಲ್ಲಿ ಹೆಂಗಸರು ಮೆಣಸಿನಕಾಯಿಯ ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದರು. ಘಾಟಿಗೆ ಕಾರಿನೊಳಗೇ ನನಗೆ ಸೀನು ಬಂತು. ಕಿಟಕಿ ಏರಿಸಲು ಹೋದವಳು ಹುಲಿಗೆಮ್ಮನನ್ನು ಕಂಡು, ಕಾರು ನಿಲ್ಲಿಸಲು ಹೇಳಿ ಇಳಿದೆ. ಅವಳು ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾ ಎದ್ದು ಬಂದಳು. ತಂಗಿಯ ಊರಂತೆ ಅದು, ಸುಗ್ಗಿ ಮುಗಿಯುವ ತನಕ ಇಬ್ಬರೂ ಇಲ್ಲೇ ಇರುತ್ತಾರಂತೆ. ಅವನು ಚೀಲ ಹೊಲಿಯುವ ಕೆಲಸ ಮಾಡುತ್ತಾನೆ, ಈಗ ಚಹಾ ತರಲು ಹೋಗಿದ್ದಾನೆ.

ಹೇಗಿದ್ದಾನೆ ಎಂದು ಕೇಳಿದೆ. ಅವಳು ತಲೆ ತಗ್ಗಿಸಿ ಯೋಚಿಸಿ ಹೇಳಿದಳು, ಮುಚ್ಚುಮರೆ ಇಲ್ಲದೆ. “ಹೋದ ಯುಗಾದಿಗೆ ಒಮ್ಮಿ ಕುಡದ್ರಿ. ಹೊಡೀಲಿಲ್ಲ. ಮರುದಿನ ಬಾಯಾಗ ನೀರು ಹಿಡಕೊಂಡು ನನ್ನ ಮುಂದ ಬಂದು ಕುಂತ. ಬೀಡಿ ಮಾತ್ರ ಮುಟ್ಟಿಲ್ರಿ.”

ಬೀಡಿ ಬಿಟ್ಟರೆ ಕುಡಿದು ಹೊಡೆಯುತ್ತಾನೆ ಎಂದು ಹೆದರಿದ್ದೆವು, ಆದದ್ದು ಬೇರೆ. ಅಷ್ಟರಲ್ಲಿ ಅವಳ ಕಣ್ಣು ನನ್ನ ಹೆಗಲ ಮೇಲಿಂದ ರಸ್ತೆಯ ಕಡೆ ಹೋಯಿತು. ಗಾದಿಲಿಂಗಪ್ಪ ಕೈಯಲ್ಲಿ ಚಹಾದ ಕ್ಯಾನು ಹಿಡಿದು ಬರುತ್ತಿದ್ದ. ದೂರ ಇದ್ದ. ಎಡಗಾಲು ಸ್ವಲ್ಪ ಹೊರಳಿಸಿ ಇಡುತ್ತಿದ್ದ.

“ಮದ್ಲ ಎರಡು ಅಂಗಡಿ ದಾಟೊದ್ರಾಗ ಮೀನಖಂಡ ಹಿಡಕೊಂಡು ನಿಂತುಬಿಡ್ತಿದ್ದ” ಎಂದಳು ಹುಲಿಗೆಮ್ಮ, ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ. “ಈಗ ಎಲ್ಲಿ ನಿಲ್ತಾನ ಅಂತ ದಿನಾ ನೋಡ್ತೀನ್ರಿ.”

ನಾನೂ ನೋಡಿದೆ. ಅವನು ಸೈಕಲ್ ಅಂಗಡಿ ದಾಟಿದ, ಹಿಟ್ಟಿನ ಗಿರಣಿ ದಾಟಿದ. ಒಂದು ಕಡೆ ನಿಂತ. ಹುಲಿಗೆಮ್ಮನ ಕೈ ಕಾರಿನ ಬಾಗಿಲನ್ನು ಹಿಡಿಯಿತು. ಹತ್ತಿ ತುಂಬಿದ ಲಾರಿಯೊಂದು ಅವನ ಮುಂದಿನಿಂದ ಹಾದುಹೋಯಿತು. ಅದು ಹೋದ ಕೂಡಲೇ ಅವನು ಮತ್ತೆ ನಡೆದ. ಹುಲಿಗೆಮ್ಮ ಬಾಗಿಲು ಬಿಟ್ಟು, ಬರ್ತೀನ್ರಿ ಅಮ್ಮಾರೆ ಎಂದು ಹೋಗಿ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸತೊಡಗಿದಳು. ಅವಳನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ, ಅವನು ಬರುತ್ತಿದ್ದ ರಸ್ತೆಗೆ ಬೆನ್ನು ಮಾಡಿ ಕೂತಿದ್ದಳು.